ಬೋರ್ಡಿಲ್ಲದ ಭಟ್ಟಿಯ ಮಂಡಕ್ಕಿ

11 ವರ್ಷದಿಂದ ದಾವಣಗೆರೆಯಲ್ಲಿ ಗಾಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಸಂಜೆ ಖಾರ ಮಂಡಕ್ಕಿ, ಜೊತೆಗೆ ಮಿರ್ಚಿ. ಮಂಡಕ್ಕಿ ಹುರಿಯುವ 3 ಭಟ್ಟಿ ಬದಲಾಯಿಸಿ, ಈಗ 4 ವರ್ಷದಿಂದ ಒಂದೇ ಕಡೆ ಚೀಲ ತರುತ್ತಿದ್ದೇನೆ. ಅದು ಭಟ್ಟಿಗಳ ಸಾಲಿನ ಒಳಗಡೆ ಇದೆ. ಬೋರ್ಡಿಲ್ಲ. ಕೇಳಿಕೊಂಡೇ ಹೋಗಬೇಕು.

ಅಲ್ಲಿನ ಮಂಡಕ್ಕಿ ಪೂರ್ತಿ ಅರಳಿರುತ್ತದೆ. ಮೊದಲ ದಿನ ನಾನು ‘ಚೆನ್ನಾಗಿ ಉಬ್ಬಿದೆ’ ಅಂದಿದ್ದೆ. ಮರಳಲ್ಲಿ ಅಕ್ಕಿ ಹುರಿಯುತ್ತಿದ್ದ ಚಾಚಾ ತಲೆ ಎತ್ತಿ, ‘ಪೂರಿ ಉಬ್ತೈತಿ ಅಕ್ಕಾ, ಆಮೇಲೆ ಇಳಿತೈತಿ. ಇದು ಅರಳಿದ್ದು. ಮತ್ತೆ ಅಕ್ಕಿ ಆಗಲ್ಲ’ ಅಂದರು. ನಿಜ ಅಲ್ವಾ? ಅವತ್ತಿನಿಂದ ಆ ಪದ ನನ್ನ ತಲೆಯಲ್ಲೇ ಉಳಿದಿದೆ.

ನಮ್ಮಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು. ಕಾಯಿ ಒಡೆದು ಬಿಳಿ ಹೊರಗೆ ಬಂದರೆ ‘ಹತ್ತಿ ಅರಳಿತು’ ಅನ್ನೋರು. ಬೀಜ ಬಿಡಿಸಿದ ಹತ್ತಿಗೆ ಅರಳೆ ಅಂತಲೇ ಹೆಸರು. ಅಜ್ಜಿ ಸುಣ್ಣದ ಕಲ್ಲಿಗೆ ನೀರು ಸುರಿದು, ಅದು ಬುಸುಗುಟ್ಟಿ ಬಿರಿದಾಗ ‘ಅರಳಿತು ನೋಡು’ ಅನ್ನೋಳು. ಪಂಚಮಿಗೆ ಹುರಿಯುವ ಜೋಳದ ಅಳ್ಳು ಕೂಡ ಇದೇ ಪದ. ಹೂವಿನ ಮಾತು ಹೇಳಬೇಕಾಗಿಲ್ಲ. ಮಗಳ ರಿಸಲ್ಟ್ ಬಂದ ದಿನ ಅವಳ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಎಲ್ಲದರಲ್ಲೂ ಒಳಗೆ ಮುಚ್ಚಿಕೊಂಡಿದ್ದೇ ತೆರೆದುಕೊಳ್ಳುತ್ತದೆ.

ಮಂಡಕ್ಕಿಯೂ ಹಾಗೇ. ಭತ್ತ ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಸಿ, ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಕಾದ ಮರಳಿಗೆ ಬಿದ್ದ ಕೂಡಲೇ ಕಾಳಿನೊಳಗಿನ ಚೂರು ತೇವ ಹಬೆಯಾಗಿ ಅದನ್ನು ಬಿಡಿಸುತ್ತದೆ. ಕೆಲವೇ ಸೆಕೆಂಡು. ತಡವಾದರೆ ಕೆಂಪಾಗುತ್ತದೆ. ಅಕ್ಕಿ ಜಾಸ್ತಿ ಒಣಗಿದ್ದರೆ ಅರಳೋದೇ ಇಲ್ಲ. ಚಾಚಾ ಹುರಿಯುವ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತಾರೆ. ಒಂದೊಂದು ದಿನ ‘ಇನ್ನೂ ಆಗಿಲ್ಲ’ ಅಂತ ಅಕ್ಕಿಯನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಗಿರಾಕಿ ಕಾಯಲಿ, ಬಿಡಲಿ. ಅದಕ್ಕೇ ನಾನು ಅಲ್ಲಿ ನಿಂತಿದ್ದು.

ಹಿಂದೆ ತರುತ್ತಿದ್ದ ಒಂದು ಕಡೆ ಹೀಗಿರಲಿಲ್ಲ. ಒಗ್ಗರಣೆಗೆ ಅಂತ ನೀರಲ್ಲಿ ನೆನೆಸಿ ಹಿಂಡಿದರೆ ಹೊರಗೆಲ್ಲ ಮುದ್ದೆ, ಒಳಗೆ ಗಟ್ಟಿ ಕಾಳು. ದಿನಾ ಬರುತ್ತಿದ್ದ ಅಜ್ಜ ಒಬ್ಬರು ಹಲ್ಲು ನೋವು ಅಂತ ಅರ್ಧಕ್ಕೇ ತಟ್ಟೆ ಕೆಳಗಿಟ್ಟರು. ನನಗೆ ತುಂಬಾ ಬೇಜಾರಾಯಿತು.

ಈಗಿನ ಭಟ್ಟಿಯಲ್ಲೂ ತೊಂದರೆ ಇದೆ. ಹೊಗೆ ವಿಪರೀತ. ಒಳಗೆ 10 ನಿಮಿಷ ನಿಂತರೆ ಕಣ್ಣು ಉರಿಯುತ್ತದೆ. ದಿನವಿಡೀ ಅಲ್ಲೇ ಇರುವವರ ಗತಿ ಏನು ಅಂತ ಸಂಕಟವಾಗುತ್ತದೆ. ಒಂದು ಒಳ್ಳೆ ಚಿಮಣಿ ಹಾಕಿಸಲೇಬೇಕು. ಮಳೆಗಾಲದಲ್ಲಿ ಚೀಲದ ಬಾಯಿ ಸರಿಯಾಗಿ ಕಟ್ಟೋದಿಲ್ಲ, ಮನೆಗೆ ಬರುವಷ್ಟರಲ್ಲಿ ಮೇಲಿನದು ಮೆತ್ತಗಾಗಿರುತ್ತದೆ. ಖಾರ ಮಂಡಕ್ಕಿಗೆ ಹೇಗೋ ನಡೆಯುತ್ತದೆ, ಆದರೆ ನರ್ಗೀಸ್ ಅನ್ನೋ ಇನ್ನೊಂದು ಬಗೆಯ ಮಂಡಕ್ಕಿಗೆ ಗರಿಗರಿ ಇಲ್ಲದಿದ್ದರೆ ಆಗೋದೇ ಇಲ್ಲ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಚೀಲದ ತಳದಿಂದ ಒಂದು ಹಿಡಿ ತೆಗೆಸಿ, ಒಂದು ಬಟ್ಟಲು ನೀರು ಕೇಳಿ ಅದರಲ್ಲಿ ಹಾಕಿ, ಹಿಂಡಿ ನೋಡಿ. ಚಾಚಾ ಬೇಡ ಅನ್ನೋದಿಲ್ಲ. ಬಟ್ಟಲು ಅವರೇ ಕೊಡುತ್ತಾರೆ.