ಮಗಳ ಮಹಾಪಧಮನಿಯ ಶಸ್ತ್ರಚಿಕಿತ್ಸೆ: ಒಂದು ಆಸ್ಪತ್ರೆಯ ಸೇವೆಯ ಬಗ್ಗೆ

ನಮ್ಮ ಮಗಳು 18 ದಿನದ ಕೂಸಾಗಿದ್ದಾಗ ಹಾಲು ಕುಡಿಯುತ್ತಲೇ ಹಣೆಯೆಲ್ಲ ಬೆವರಿ ಸುಸ್ತಾಗುತ್ತಿದ್ದಳು. ಊರಿನಲ್ಲಿ ಎರಡು ಸಲ ತೋರಿಸಿದರೂ ತೊಡೆಸಂದಿಯ ನಾಡಿಯನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಬೆಂಗಳೂರಿನ ಈ ಆಸ್ಪತ್ರೆಯ (ಮುಂದೆ ಒಂದು ದೂರು ಬರುವುದರಿಂದ ಹೆಸರು ಬರೆಯುತ್ತಿಲ್ಲ) ಮಕ್ಕಳ ಹೃದ್ರೋಗ ವಿಭಾಗದ ವೈದ್ಯೆ ಮೊದಲು ಮಾಡಿದ್ದೇ ಅದನ್ನು. ರಕ್ತದೊತ್ತಡದ ಮೇಲಿನ ಅಂಕಿ ಬಲಗೈಯಲ್ಲಿ 96, ಕಾಲಿನಲ್ಲಿ 58 ಇತ್ತು. ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿರುವುದು, ಅಂದರೆ ಕೊಆರ್ಕ್ಟೇಶನ್, ಎಕೋದಲ್ಲಿ (ಹೃದಯದ ಸ್ಕ್ಯಾನ್) ಖಚಿತವಾಯಿತು.

ಈ ವಿಭಾಗಕ್ಕೆ ನಾನು ಪೂರ್ಣ ಅಂಕ ಕೊಡುವುದು ಶಸ್ತ್ರಚಿಕಿತ್ಸಕರು ನಮ್ಮೊಂದಿಗೆ ಕುಳಿತ ಆ ಮುಕ್ಕಾಲು ಗಂಟೆಗಾಗಿ. ಅವರು ಬಿಳಿ ಹಾಳೆಯ ಮೇಲೆ ಕಮಾನಿನಂತೆ ಬಾಗಿದ ರಕ್ತನಾಳವನ್ನು ಬರೆದು, 1944ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೂರ್ಡ್ ಮೊದಲ ಬಾರಿಗೆ ಮಾಡಿದಂತೆ ಕಿರಿದಾದ ತುಂಡನ್ನು ಕತ್ತರಿಸಿ ಎರಡು ತುದಿಗಳನ್ನು ಹೊಲಿಯುವ ಕ್ರಮದಿಂದಲೇ ವಿವರಣೆ ಆರಂಭಿಸಿದರು. ಹಸುಗೂಸುಗಳಲ್ಲಿ ಆ ಸುತ್ತಿನ ಹೊಲಿಗೆಯ ಜಾಗವೇ ಮತ್ತೆ ಕಿರಿದಾಗುತ್ತಿದ್ದುದರಿಂದ, 1966ರಲ್ಲಿ ವಾಲ್ಡ್‌ಹೌಸೆನ್ ಮತ್ತು ನಾರ್‌ವೋಲ್ಡ್ ಎಡಗೈಗೆ ಹೋಗುವ ರಕ್ತನಾಳವನ್ನೇ ಮಡಚಿ ಹೊದಿಸುವ ವಿಧಾನ ತಂದರಂತೆ. ಅದರಲ್ಲಿ ಆ ಕೈಯ ಮುಖ್ಯ ರಕ್ತದ ದಾರಿಯನ್ನೇ ಬಿಟ್ಟುಕೊಡಬೇಕು. ಡೇಕ್ರಾನ್ ಎಂಬ ಕೃತಕ ಬಟ್ಟೆಯ ತೇಪೆ ಹಾಕಿದರೆ ವರ್ಷಗಳ ನಂತರ ಅದರ ಎದುರಿನ ಗೋಡೆ ಉಬ್ಬಬಹುದು. ಕಿರಿದಾದ ಜಾಗವನ್ನು ಒಳಗಿನಿಂದ ಹಿಗ್ಗಿಸುವ ಬಲೂನು ಮತ್ತು ಸ್ಟೆಂಟ್ (ಜಾಲರಿ ಕೊಳವೆ) ದೊಡ್ಡ ಮಕ್ಕಳಿಗೆ ಹೊಂದುತ್ತವೆ, ಇಷ್ಟು ಸಣ್ಣ ಕೂಸಿಗಲ್ಲ ಎಂದರು. ನಮ್ಮ ಮಗುವಿನ ಕಮಾನೂ ಸ್ವಲ್ಪ ಸಣ್ಣದಿದ್ದುದರಿಂದ, ಕಿರಿದಾದ ಭಾಗವನ್ನೂ ಅಲ್ಲಿ ಸೇರಿಕೊಂಡ ಡಕ್ಟಸ್ (ಹುಟ್ಟುವ ಮೊದಲು ಮಾತ್ರ ಬೇಕಾಗುವ ಕೊಂಡಿ ನಾಳ) ಅಂಗಾಂಶವನ್ನೂ ತೆಗೆದು, ಕೆಳಗಿನ ತುದಿಯನ್ನು ಕಮಾನಿನ ಅಡಿಯವರೆಗೆ ಓರೆಯಾಗಿ ಹೊಲಿಯುವ ವಿಸ್ತೃತ ಜೋಡಣೆಯನ್ನು ಆರಿಸಿದರು.

ಎಡ ಪಕ್ಕೆಲುಬುಗಳ ನಡುವಿನಿಂದ ಮಾಡಿದ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಧ್ವನಿಯ ನರ ಅಲ್ಲೇ ಸುತ್ತಿಕೊಂಡು ಹೋಗುವುದರಿಂದ ಅಳು ಕೆಲವು ದಿನ ಗೊಗ್ಗರಾಗಬಹುದೆಂದು ಮೊದಲೇ ಹೇಳಿದ್ದರು. ಆರು ವಾರ ಅವಳ ಅಳು ಹಾಗೆಯೇ ಇತ್ತು. ಹೇಳಿರದಿದ್ದರೆ ನಾವು ಹೆದರಿಬಿಡುತ್ತಿದ್ದೆವು.

ನನ್ನ ದೂರಿರುವುದು ಬಿಡುಗಡೆಯ ಪತ್ರದ ಬಗ್ಗೆ. ಅದರಲ್ಲಿ ರಕ್ತದೊತ್ತಡ ನೋಡುತ್ತಿರಬೇಕೆಂದು ಇತ್ತೇ ಹೊರತು ಯಾವ ಕೈಯಲ್ಲಿ ಎಂದು ಇರಲಿಲ್ಲ. ಬಲಗೈಯ ರಕ್ತನಾಳ ಕಿರಿದಾದ ಜಾಗಕ್ಕಿಂತ ಬಹಳ ಮೊದಲೇ ಕವಲೊಡೆಯುವುದರಿಂದ ನಂಬಬೇಕಾದ ಲೆಕ್ಕ ಅಲ್ಲಿಯದು. ಎಡಗೈಯದು ಹೊಲಿಗೆಯ ಹತ್ತಿರದಲ್ಲೇ ಹೊರಡುತ್ತದೆ. ಊರಿನ ನರ್ಸ್ ಎರಡು ತಿಂಗಳು ಎಡಗೈಯಲ್ಲೇ ಅಳೆದು ಎಲ್ಲವೂ ಸರಿಯಿದೆ ಎಂದು ಬರೆದುಕೊಟ್ಟರು. ಮರುತಪಾಸಣೆಯಲ್ಲಿ ಬಲಗೈಯ ಒತ್ತಡ ಹೆಚ್ಚಿದ್ದುದು ಕಂಡು ಔಷಧಿ ಶುರುಮಾಡಬೇಕಾಯಿತು. ಪುನಃ ಕಿರಿದಾಗಿರಲಿಲ್ಲ ಎಂಬುದಷ್ಟೇ ಸಮಾಧಾನ. ಈ ರೋಗಕ್ಕೆ ಜೀವನಪೂರ್ತಿ ನಿಗಾ ಬೇಕು ಎಂದು ಅಷ್ಟು ಚೆನ್ನಾಗಿ ತಿಳಿಸಿಕೊಟ್ಟವರು ಆ ಒಂದು ಪದವನ್ನು, ಅದೂ ಕನ್ನಡದಲ್ಲಿ, ಬರೆಯಬೇಕಿತ್ತು. ನಾನು ತಕರಾರು ಹೇಳಿದ ದಿನ ವೈದ್ಯೆ ಕಡತದ ಮೇಲೆ ಕೆಂಪು ಶಾಯಿಯಲ್ಲಿ ‘ಬಲಗೈ ಮತ್ತು ಕಾಲು, ಎರಡರಲ್ಲೂ ಅಳೆಯಿರಿ’ ಎಂದು ದೊಡ್ಡದಾಗಿ ಬರೆದುಕೊಟ್ಟರು.