ಸ್ಕಾಟ್ ಫ್ಲೈಯಿಂಗ್ ಸ್ಕ್ವಿರಲ್: ವರ್ಷಗಟ್ಟಲೆ ಓಡಿಸಿದವನ ಮಾತು

ಹಳೇ ಬ್ರಿಟಿಷ್ ಬೈಕ್ ಅಂದ್ರೆ ಎಲ್ಲರ ಬಾಯಲ್ಲೂ ನಾರ್ಟನ್, ಟ್ರಯಂಫ್. ನಾನು ಇಲ್ಲಿ ಯಾರ್ಕ್‌ಷೈರ್‌ನಲ್ಲಿ ಓಡಿಸುತ್ತಿರುವುದು 596 ಸಿಸಿಯ ಸ್ಕಾಟ್. ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ಅದರ ಮೇಲೆ ವಾಟರ್ ಕೂಲಿಂಗ್ ಬೇರೆ. ಈ ಮಾಡೆಲ್ ಬಂದದ್ದು 1926ರಲ್ಲಿ, ನಂಬ್ತೀರಾ?

ಹತ್ತಿ ಕೂತರೆ ಮೊದಲು ಗೊತ್ತಾಗುವುದು ನಯ. ಆ ಕಾಲದ ದೊಡ್ಡ ಒಂಟಿ ಸಿಲಿಂಡರ್ ಬೈಕ್‌ಗಳು ಕೈ ಜೋಮು ಹಿಡಿಸುತ್ತವೆ, ಇದು ಹಾಗಲ್ಲ. ಥ್ರಾಟಲ್ ಕೊಟ್ಟರೆ ಊಳಿಡುತ್ತದೆ. ಮೈಸೂರಿನ ಯೆಜ್ಡಿ ಸದ್ದು ಕೇಳಿ ಬೆಳೆದ ನನ್ನ ಕಿವಿಗೂ ಅದು ಹೊಸದು.

ಇದೆಲ್ಲ ಆಲ್ಫ್ರೆಡ್ ಆಂಗಸ್ ಸ್ಕಾಟ್ ಅನ್ನುವ ಒಬ್ಬನ ತಲೆ. 1908ರಲ್ಲಿ ಮೊದಲ ಕೆಲವು ಗಾಡಿಗಳನ್ನು ಬ್ರಾಡ್‌ಫರ್ಡ್‌ನ ಜೋವೆಟ್ ಸೋದರರ ಹತ್ತಿರ ಮಾಡಿಸಿದ, ಆಮೇಲೆ ಶಿಪ್ಲಿಯಲ್ಲಿ ಸ್ವಂತ ಕಾರ್ಖಾನೆ. ಬೇರೆಯವರು ಬೈಕ್ ತಳ್ಳಿಕೊಂಡು ಓಡಿ ಹತ್ತುತ್ತಿದ್ದ ಕಾಲಕ್ಕೇ ಇವನು ಕಿಕ್ ಸ್ಟಾರ್ಟರ್ ಕೊಟ್ಟ. ಗುಡ್ಡ ಹತ್ತಿಸುವ ಸ್ಪರ್ಧೆಗಳಲ್ಲಿ ಗೆದ್ದಿದ್ದೇ ತಡ, ಟೂ-ಸ್ಟ್ರೋಕ್‌ನ ಸಿಸಿಯನ್ನು 1.32ರಿಂದ ಗುಣಿಸಿ ದೊಡ್ಡ ಎಂಜಿನ್ ಅಂತಲೇ ಲೆಕ್ಕ ಹಿಡಿಯಬೇಕು ಅಂತ ನಿಯಮ ಮಾಡಿದರು. ಆಸಾಮಿ ಅದನ್ನೇ ಜಾಹೀರಾತಿಗೆ ಹಾಕಿಕೊಂಡ! 1912, 1913 ಎರಡೂ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಬೈಕ್ ರೇಸ್ ಸ್ಕಾಟ್ ಪಾಲಾಯಿತು. ಮಹಾಯುದ್ಧದ ನಂತರ ಆತ ಕಂಪನಿ ಬಿಟ್ಟ, 1923ರಲ್ಲಿ ತೀರಿಕೊಂಡ. ನನ್ನ ಮಾಡೆಲನ್ನು ನೋಡಲೇ ಇಲ್ಲ.

ಆದರೂ ಎಂಜಿನ್‌ಗೆ ಕೈ ಹಾಕಿದಾಗಲೆಲ್ಲ ಅವನೇ ನೆನಪಾಗುತ್ತಾನೆ. ನಡುವೆ ಫ್ಲೈವೀಲ್ ಅನ್ನುವ ಭಾರದ ಚಕ್ರ, ಅದರ ಎರಡೂ ಪಕ್ಕ ಒಂದೊಂದು ಕ್ರ್ಯಾಂಕ್. ಕ್ರ್ಯಾಂಕ್‌ಕೇಸಿಗೆ ದುಂಡನೆಯ ಮುಚ್ಚಳ, ಅದನ್ನು ಅದುಮಿ ಹಿಡಿದ ಪಟ್ಟಿ ಸಡಿಲಿಸಿದರೆ ಸಾಕು, ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಕೂಡುವ ಬಿಗ್ ಎಂಡ್ ಕಣ್ಣೆದುರಿಗೆ. ಎಂಜಿನ್ ಕೆಳಗಿಳಿಸುವ ಮಾತೇ ಇಲ್ಲ.

ತಲೆನೋವು ಅಂದ್ರೆ ಆಯಿಲ್. ಪೆಟ್ರೋಲಿಗೆ ಬೆರೆಸಿ ಸುಮ್ನೆ ಇದ್ದುಬಿಡೋಣ ಅಂದ್ರೆ ಆಗಲ್ಲ. ಪಂಪಿನ ಗಾಜಿನಲ್ಲಿ ಹನಿ ಬೀಳುವುದನ್ನು ನೋಡುತ್ತಾ, ಎರಡೂ ಕಡೆಗೆ ಎಷ್ಟೆಷ್ಟು ಬೇಕೋ ಅಷ್ಟು ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಜಾಸ್ತಿಯಾದರೆ ಹಿಂದಿನವರಿಗೆಲ್ಲ ಹೊಗೆ, ಕಮ್ಮಿಯಾದರೆ ಪಿಸ್ಟನ್ ಜಾಮ್. ಬ್ರೇಕ್ ಬಗ್ಗೆ ಕೇಳಬೇಡಿ, ದೂರ ಬಿಟ್ಟು ಹೋಗಿ ಅಷ್ಟೇ.

ಕೊಳ್ಳುವವರು ರೇಡಿಯೇಟರ್ ಮೊದಲು ನೋಡಿ. ನೀರಿಗೆ ಪಂಪ್ ಇಲ್ಲ, ಕಾದ ನೀರು ತಾನಾಗೇ ಮೇಲೇರಿ ತಣಿದು ಇಳಿಯಬೇಕು, ಹಾಗಾಗಿ ಒಳಗೆ ಕಟ್ಟಿಕೊಂಡರೆ ಕತೆ ಮುಗೀತು. ನನ್ನದಕ್ಕೆ ಹಿಂದೆ ಯಾರೋ ಬೇಕಾಬಿಟ್ಟಿ ಬೆಸುಗೆ ಹಾಕಿದ್ದರು, ಎಂಜಿನ್‌ಗಿಂತ ಜಾಸ್ತಿ ದುಡ್ಡು ಅದಕ್ಕೇ ಹೋಯಿತು. ಬಿಡಿಭಾಗಕ್ಕೆ ಮಾತ್ರ ಚಿಂತೆ ಬೇಡ, ಸ್ಕಾಟ್ ಓನರ್ಸ್ ಕ್ಲಬ್‌ನವರು ಕೊಡುತ್ತಾರೆ.