ಮೂರು ಮಳೆಗಾಲ ಓಡಿದ ಮೇಲೆ: ಲಿಕ್ವಿಡ್ ಕೂಲರ್‌ಗೆ ಆರ್ಕ್ಟಿಕ್ ಪಿ12 ಫ್ಯಾನ್ ಜೋಡಿ

ಬಳಕೆ: ಮಡಿಕೇರಿ. ಮೂರು ಮಳೆಗಾಲ, ನಡುವೆ ಎರಡು ಕಾಫಿ ಕೊಯ್ಲು.
ಕಂಪ್ಯೂಟರಿನ ಪ್ರೊಸೆಸರ್: ಎಎಂಡಿ ರೈಜನ್ 7 5800ಎಕ್ಸ್.
ಕೂಲರ್: 240 ಎಂಎಂ, ರೇಡಿಯೇಟರ್ ದಪ್ಪ 27 ಎಂಎಂ. ಪಂಪ್ ನೀರಿನ ಮೂಲಕ ಪ್ರೊಸೆಸರಿನ ಬಿಸಿಯನ್ನು ರೇಡಿಯೇಟರಿಗೆ ಸಾಗಿಸುತ್ತದೆ, ಫ್ಯಾನ್ ಅದನ್ನು ಹೊರಹಾಕುತ್ತದೆ.
ಫ್ಯಾನ್: ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ (ಮದರ್‌ಬೋರ್ಡ್ ವೇಗ ಏರಿಳಿಸಬಲ್ಲದ್ದು) ಪಿಎಸ್‌ಟಿ (ಒಂದರ ವೈರಿಗೆ ಇನ್ನೊಂದು ಸಿಕ್ಕಿಸಬಹುದಾದದ್ದು), ಎರಡು.
ಅಂಕ: ಐದಕ್ಕೆ ನಾಲ್ಕೂವರೆ.

ಇಲ್ಲಿ ಫ್ಯಾನ್ ಕೆಡಿಸುವುದು ಥಂಡಿ ಮತ್ತು ದೂಳು. ಸೆಕೆಗೆ ಹೆದರಿ ಫ್ಯಾನ್ ಆರಿಸುವ ಕಷ್ಟ ಬಯಲುಸೀಮೆಯವರದು. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರು ಲಿಕ್ವಿಡ್ ಕೂಲರ್‌ಗೆ ಫ್ಯಾನ್ ತೆಗೆದುಕೊಳ್ಳುವಾಗ ಡಬ್ಬದ ಮೇಲಿನ ಗಾಳಿಯ ಲೆಕ್ಕಕ್ಕಿಂತ ಮೊದಲು ಬೇರಿಂಗ್ ಯಾವುದೆಂದು ನೋಡಬೇಕು.

ಕೂಲರ್ ಜೊತೆಯಲ್ಲೇ ಬಂದ ಫ್ಯಾನ್‌ಗಳನ್ನು ಬಿಚ್ಚಿ, ಮೊದಲು ಹಾಕಿದ್ದು ಬಣ್ಣದ ದೀಪದ ಅಗ್ಗದ ಒಂದು ಸೆಟ್. ಕಂಪನಿಯ ಹೆಸರು ಬೇಡ, ಅದೇ ಸರಕು ಹತ್ತು ಹೆಸರಲ್ಲಿ ಸಿಗುತ್ತದೆ. ಒಳಗಿದ್ದದ್ದು ಸ್ಲೀವ್ ಬೇರಿಂಗ್, ಅಂದರೆ ಎಣ್ಣೆ ನೆನೆದ ಒಂದು ಕೊಳವೆಯೊಳಗೆ ತಿರುಗುವ ದಂಡ. ರೇಡಿಯೇಟರನ್ನು ಕೇಸಿನ ಮೇಲ್ಭಾಗದಲ್ಲಿ ಕೂರಿಸಿದರೆ ಫ್ಯಾನ್ ಮಲಗಿಕೊಂಡು ತಿರುಗಬೇಕು. ಆಗ ರೆಕ್ಕೆಯ ಭಾರ ಕೊಳವೆಯ ಉದ್ದಕ್ಕೂ ಹಂಚಿಹೋಗದೆ ದಂಡದ ತುದಿಗೆ ಬೀಳುತ್ತದೆ, ಎಣ್ಣೆಯೂ ಮೆಲ್ಲಗೆ ಒಂದು ಕಡೆಗೆ ಇಳಿಯುತ್ತದೆ. ಜೊತೆಗೆ ಇಲ್ಲಿನ ತಣ್ಣನೆಯ ಬೆಳಗ್ಗೆ ಎಣ್ಣೆ ಗಟ್ಟಿಯಾಗಿರುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ಹೊತ್ತು) ಸ್ವಿಚ್ ಒತ್ತಿದ ಮೊದಲ ಐದು ನಿಮಿಷ ಹಳೇ ಮಿಕ್ಸಿಯ ಹಾಗೆ ಗರ್ ಎನ್ನಲು ಶುರುವಾದರೆ ಆ ಫ್ಯಾನ್ ಮುಂದಿನ ಮಳೆಗಾಲ ಕಾಣುವುದಿಲ್ಲ. ಇನ್ನೊಂದು ಕಿರಿಕಿರಿ ದೀಪದ್ದು. ಮೊದಲ ಮಳೆಗೆ ಎದ್ದು ಬರುವ ರೆಕ್ಕೆಯ ಗೆದ್ದಲು ರಾತ್ರಿ ನೇರ ಅಲ್ಲಿಗೇ ಮುತ್ತುತ್ತದೆ. ಬೆಳಗ್ಗೆ ನೋಡಿದರೆ ರೇಡಿಯೇಟರ್ ಫಿನ್ನುಗಳ (ಬಿಸಿ ಬಿಡುವ ತೆಳು ತಗಡುಗಳ) ಸಂದಿಯಲ್ಲೆಲ್ಲ ಉದುರಿದ ರೆಕ್ಕೆಗಳು.

ಪಿ12ರಲ್ಲಿ ದೀಪ ಇಲ್ಲ, ಬೇರಿಂಗ್ ಫ್ಲೂಯಿಡ್ ಡೈನಮಿಕ್ ಬಗೆಯದು. ಮುಚ್ಚಿದ ಕೊಳವೆಯೊಳಗೆ ಎಣ್ಣೆಯ ಪದರದ ಮೇಲೆ ದಂಡ ತೇಲುತ್ತದೆ. ಮಲಗಿಸಿದರೂ, ನಿಲ್ಲಿಸಿದರೂ ಅದಕ್ಕೆ ಅಷ್ಟಾಗಿ ವ್ಯತ್ಯಾಸ ಇಲ್ಲ. ಮೂರನೇ ಮಳೆಗಾಲ ಮುಗಿದ ಮೇಲೂ ಎರಡೂ ಫ್ಯಾನ್ ಕೈಯಲ್ಲಿ ತಿರುಗಿಸಿ ಬಿಟ್ಟರೆ ಉಜ್ಜಿದ ಹಾಗಾಗದೆ ನಿಧಾನವಾಗಿ ನಿಲ್ಲುತ್ತವೆ. ದಿನದ 24 ಗಂಟೆ ಓಡಿಸುವವರಿಗೆ ಇದೇ ಫ್ಯಾನ್ ಬಾಲ್ ಬೇರಿಂಗ್ ಹಾಕಿ ಸಿಒ ಎಂಬ ಹೆಸರಲ್ಲಿ ಬರುತ್ತದೆ.

ಲೆಕ್ಕಕ್ಕೆ ಬರೋಣ. ಕಂಪನಿ ಹೇಳುವಂತೆ ಪಿ12ರ ವೇಗ 200ರಿಂದ 1800 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಗಾಳಿ ನಿಮಿಷಕ್ಕೆ 56.3 ಘನ ಅಡಿ, ಒತ್ತಡ 2.2 ಎಂಎಂ ನೀರಿನಷ್ಟು. ರೇಡಿಯೇಟರ್‌ಗೆ ಬೇಕಾದದ್ದು ಈ ಒತ್ತಡ. ಖಾಲಿ ಜಾಗದಲ್ಲಿ ಎಷ್ಟು ಗಾಳಿ ಬೀಸುತ್ತದೆ ಎನ್ನುವುದು ಕೇಸಿನ ಹಿಂಭಾಗದ ಫ್ಯಾನಿಗೆ ಸರಿ. ಹತ್ತಿರ ಹತ್ತಿರ ಇರುವ ಫಿನ್ನುಗಳ ನಡುವೆ ಗಾಳಿ ತೂರಿಸಬೇಕಾದರೆ ರೆಕ್ಕೆ ಅಗಲವಾಗಿರಬೇಕು, ರೆಕ್ಕೆಗಳ ನಡುವಿನ ಸಂದಿ ಕಿರಿದಾಗಿರಬೇಕು. ಕೊಳ್ಳುವಾಗ ಫ್ಯಾನನ್ನು ಬೆಳಕಿಗೆ ಹಿಡಿದು ನೋಡಿ. ರೆಕ್ಕೆಗಳ ನಡುವೆ ಆಚೆ ಗೋಡೆ ಧಾರಾಳ ಕಂಡರೆ ಅದು ರೇಡಿಯೇಟರ್ ಫ್ಯಾನ್ ಅಲ್ಲ.

ನಾಕ್ಟುವಾದ ಎನ್‌ಎಫ್-ಎ12x25 ಇದಕ್ಕಿಂತ ಮೇಲು, ಅದರಲ್ಲಿ ತಕರಾರಿಲ್ಲ. 2000 ಆರ್‌ಪಿಎಂಗೆ 2.34 ಎಂಎಂ ಒತ್ತಡ, ರೆಕ್ಕೆಯ ತುದಿಗೂ ಚೌಕಟ್ಟಿಗೂ ಬರೀ ಅರ್ಧ ಮಿಲಿಮೀಟರ್ ಅಂತರ, ಮೂಲೆಗಳಿಗೆ ರಬ್ಬರ್. ಪಿ12ಕ್ಕೆ ರಬ್ಬರ್ ಇಲ್ಲ, ಪ್ಲಾಸ್ಟಿಕ್ ಚೌಕಟ್ಟು ನೇರ ಲೋಹಕ್ಕೆ ತಾಗುತ್ತದೆ. ಅರ್ಧ ಅಂಕ ಕಡಿದದ್ದು ಅದಕ್ಕೇ. ಆದರೆ ಆ ಒಂದರ ದುಡ್ಡಿಗೆ ಇವು ಮೂರು ಬರುತ್ತವೆ, ಮತ್ತು ಈ ಪ್ರೊಸೆಸರ್ ಮೇಲೆ ಎರಡರ ನಡುವಿನ ವ್ಯತ್ಯಾಸ ಒಂದು ಡಿಗ್ರಿಯ ಮಾತು.

ಕಾರಣ ಪ್ರೊಸೆಸರಿನಲ್ಲೇ ಇದೆ. 5800ಎಕ್ಸ್‌ನ ಎಂಟೂ ಕೋರ್ ಒಂದೇ ಸಣ್ಣ ಚಿಪ್ಪಿನ ಮೇಲಿವೆ. ಡಬ್ಬದ ಮೇಲೆ 105 ವ್ಯಾಟ್ ಎಂದಿದ್ದರೂ ಸಾಕೆಟ್ಟಿಗೆ ಬಿಡುವ ಮಿತಿ 142 ವ್ಯಾಟ್. ಅಷ್ಟು ಬಿಸಿ ಅಷ್ಟು ಚಿಕ್ಕ ಜಾಗದಿಂದ ಕೂಲರಿನ ತಾಮ್ರದ ತಟ್ಟೆಗೆ ದಾಟುವುದೇ ಕಷ್ಟ. ರೇಡಿಯೇಟರ್ ತನಕ ಬಂದ ಬಿಸಿಯನ್ನು ಸಾಧಾರಣ ಫ್ಯಾನೂ ಹೊರಗೆ ಹಾಕುತ್ತದೆ. ಪೂರ್ತಿ ಲೋಡಿನಲ್ಲಿ ಹತ್ತು ನಿಮಿಷ ಓಡಿಸಿ, 1300 ಆರ್‌ಪಿಎಂನಿಂದ 1800ಕ್ಕೆ ಏರಿಸಿದರೆ ಇಳಿಯುವುದು ಒಂದೆರಡು ಡಿಗ್ರಿ. ಸದ್ದು ಮಾತ್ರ ಕೋಣೆ ದಾಟಿ ಅಡುಗೆಮನೆಗೆ ಕೇಳುತ್ತದೆ. ಫ್ಯಾನಿನ ಲೆಕ್ಕವೇ ಹಾಗೆ: ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ, ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಕಮ್ಮಿಯಾಗುತ್ತದೆ.

ಎತ್ತರದ ಮಾತನ್ನೂ ಹೇಳಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇಕಡಾ 10ರಷ್ಟು ತೆಳು. ಫ್ಯಾನ್ ಅದೇ ವೇಗದಲ್ಲಿ ಅಷ್ಟೇ ಘನ ಅಡಿ ಗಾಳಿ ತಳ್ಳಿದರೂ ಆ ಗಾಳಿಯ ತೂಕ ಕಮ್ಮಿ, ಹೊರುವ ಬಿಸಿಯೂ ಕಮ್ಮಿ. ಹಾಗೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಕೋಣೆಯೇ ಕರಾವಳಿಗಿಂತ ಏಳೆಂಟು ಡಿಗ್ರಿ ತಣ್ಣಗಿರುವಾಗ ಆ ನಷ್ಟ ಎಲ್ಲೋ ಮುಚ್ಚಿಹೋಗುತ್ತದೆ. ಬೇರೆ ಊರಿನವರ ಅಳತೆಗೂ ನಿಮ್ಮದಕ್ಕೂ ತಾಳೆ ಆಗದಿದ್ದರೆ ಕಾರಣ ಗೊತ್ತಿರಲಿ ಎಂದು ಬರೆದದ್ದು.

ಈಗ ಜೋಡಣೆ. ರೇಡಿಯೇಟರ್ ಮುಂದೆ ಕೂರಿಸಿ ಗಾಳಿ ಒಳಗೆ ಎಳೆದರೆ ಪ್ರೊಸೆಸರ್ ಎರಡು ಮೂರು ಡಿಗ್ರಿ ತಣ್ಣಗಿರುತ್ತದೆ, ನಿಜ. ಆದರೆ ಕೋಣೆಯ ದೂಳು, ಒಲೆ ಹೊಗೆಯ ಮಸಿ, ಅಂಗಳದ ಕಣದಲ್ಲಿ ಕಾಫಿ ಒಣಗುವಾಗ ಏಳುವ ಸಿಪ್ಪೆಯ ಪುಡಿ ಎಲ್ಲ ನೇರ ಫಿನ್ನಿಗೆ. ಗ್ರಾಫಿಕ್ಸ್ ಕಾರ್ಡಿಗೂ ಬೆಚ್ಚಗಿನ ಗಾಳಿಯೇ ಸಿಗುತ್ತದೆ. ಇಲ್ಲಿ ಆ ಎರಡು ಡಿಗ್ರಿ ಬೇಕಿಲ್ಲ. ರೇಡಿಯೇಟರ್ ಮೇಲೆ, ಗಾಳಿ ಹೊರಕ್ಕೆ: ಕೊಡಗಿಗೆ ಇದೇ ಸರಿ. ಮುಂದೆ ಜಾಳಿಗೆಯ ಹಿಂದೆ ಎರಡು 140 ಎಂಎಂ ಫ್ಯಾನ್ ಒಳಗೆಳೆಯಲಿ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಜಾಸ್ತಿ ಇದ್ದರೆ ಕೇಸಿನ ಸಂದಿಗೊಂದಿಯಿಂದ ದೂಳು ನುಗ್ಗುವುದಿಲ್ಲ, ಬರುವುದೆಲ್ಲ ಜಾಳಿಗೆ ದಾಟಿಯೇ ಬರುತ್ತದೆ.

ಮುಂದೆಯೇ ಕೂರಿಸಬೇಕಾದ ಕೇಸ್ ಆದರೆ ಒಂದು ನಿಯಮ ತಪ್ಪಬೇಡಿ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು, ಪೈಪುಗಳು ಕೆಳಬದಿಗೆ ಬಂದರೆ ಇನ್ನೂ ಒಳ್ಳೆಯದು. ಒಳಗಿನ ನೀರು ವರ್ಷಕ್ಕಿಷ್ಟು ಎಂದು ಪೈಪಿನ ರಬ್ಬರ್ ಮೂಲಕ ಆರುತ್ತದೆ, ಆ ಜಾಗಕ್ಕೆ ಗಾಳಿ ಗುಳ್ಳೆ ಸೇರಿ ಎತ್ತರದ ಕಡೆ ನಿಲ್ಲುತ್ತದೆ. ಆ ಎತ್ತರ ಪಂಪಿನದ್ದೇ ಆದರೆ ಗುಳುಗುಳು ಸದ್ದು ಬರುತ್ತದೆ, ಆಮೇಲೆ ಪಂಪೇ ಹೋಗುತ್ತದೆ.

ಇನ್ನು ತಳ್ಳುವುದೋ ಎಳೆಯುವುದೋ. ಫ್ಯಾನನ್ನು ರೇಡಿಯೇಟರಿನ ಕೆಳಗೆ ಹಾಕಿ ಮೇಲಕ್ಕೆ ತಳ್ಳಿಸುವುದು ರೂಢಿ. ಅದರಲ್ಲಿ ದೂಳು ಫ್ಯಾನಿಗೂ ಫಿನ್ನಿಗೂ ನಡುವೆ ಕಂಬಳಿಯ ಹಾಗೆ ಕೂರುತ್ತದೆ, ಹೊರಗಿಂದ ಕಾಣುವುದೇ ಇಲ್ಲ. ತಾಪ ಏರಿದಾಗ ಜನ ಪ್ರೊಸೆಸರಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಬದಲಿಸುತ್ತಾರೆ, ಕಂಬಳಿ ಅಲ್ಲೇ ಉಳಿಯುತ್ತದೆ. ಇಲ್ಲಿರುವ ಜೋಡಣೆ ತಿರುವುಮುರುವು: ಕೇಸಿನ ತಗಡು, ಅದರ ಕೆಳಗೆ ಫ್ಯಾನ್, ಅದರ ಕೆಳಗೆ ರೇಡಿಯೇಟರ್. ಫ್ಯಾನ್ ಎಳೆಯುತ್ತದೆ, ದೂಳು ಕೆಳಮುಖದಲ್ಲಿ ಕೂರುತ್ತದೆ, ಪಕ್ಕದ ಗಾಜು ತೆಗೆದು ಪೇಂಟ್ ಬ್ರಶ್ಶಿನಲ್ಲಿ ಎರಡು ನಿಮಿಷ ಸವರಿದರೆ ಮುಗಿಯಿತು. ನಷ್ಟ ಹೆಚ್ಚೆಂದರೆ ಒಂದು ಡಿಗ್ರಿ.

ಎರಡೂ ಕಡೆ ಹಾಕಿ ನಾಲ್ಕು ಫ್ಯಾನ್ ಮಾಡುವ ಆಸೆಗೆ ಬೀಳಬೇಡಿ. ನಿಧಾನ ವೇಗದಲ್ಲಿ ಎರಡು ಮೂರು ಡಿಗ್ರಿ ಲಾಭ ಸಿಗಬಹುದು. ಆದರೆ ದಪ್ಪ 25 ಜೊತೆ 27 ಜೊತೆ 25, ಒಟ್ಟು 77 ಎಂಎಂ. ಬಹುತೇಕ ಕೇಸುಗಳಲ್ಲಿ ಅದು ಮದರ್‌ಬೋರ್ಡಿನ ಮೇಲೆ ಬಂದು ಕೂರುತ್ತದೆ. ಒಂದೇ ಸಾಲಿನ 52 ಎಂಎಂಗೂ ಎತ್ತರದ ಹೀಟ್‌ಸಿಂಕ್ ಇರುವ ರ್‍ಯಾಮ್ ಅಡ್ಡ ಬರುವುದುಂಟು, ಅಳೆದೇ ಕೊಳ್ಳಿ.

ಗಾಳಿಯ ದಿಕ್ಕಿಗೆ ಚೌಕಟ್ಟಿನ ಬಾಣ ನೋಡಿ. ಬಾಣ ಇಲ್ಲದಿದ್ದರೆ, ಮೋಟರಿಗೆ ನಾಲ್ಕು ಕಡ್ಡಿ ಆಧಾರ ಕೊಟ್ಟಿರುವ ಬದಿಯಿಂದ ಗಾಳಿ ಹೊರಡುತ್ತದೆ. ರೆಕ್ಕೆ ಉಲ್ಟಾ ಮಾಡಿದ ರಿವರ್ಸ್ ಮಾದರಿಗಳೂ ಈಗ ಬರುತ್ತಿವೆ, ಅನುಮಾನ ಇದ್ದರೆ ಒಂದು ಟಿಶ್ಯೂ ಚೂರು ಹಿಡಿದು ನೋಡಿ.

ಸ್ಕ್ರೂ ವಿಷಯದಲ್ಲಿ ಅವಸರ ಬೇಡವೇ ಬೇಡ. 25 ಎಂಎಂ ಫ್ಯಾನಿಗೆ 30 ಎಂಎಂ ಸ್ಕ್ರೂ, ಎಂಟು. ಜಾಗ ಉಳಿಸಲೆಂದು 15 ಎಂಎಂನ ತೆಳು ಫ್ಯಾನ್ ತಂದು ಅದೇ ಸ್ಕ್ರೂ ತಿರುಗಿಸಿದರೆ 15 ಎಂಎಂ ರೇಡಿಯೇಟರಿನೊಳಗೆ ಇಳಿದು ನೀರಿನ ಕೊಳವೆ ಸೀಳುತ್ತದೆ. ಅಲ್ಲಿಗೆ ಕೂಲರ್ ಕಥೆ ಮುಗಿಯಿತು, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನದ್ದೂ ಮುಗಿಯಬಹುದು. ಸ್ಕ್ರೂವಿನ ಮರೆಯ (ಥ್ರೆಡ್‌ನ) ಗಾತ್ರವೂ ಎಲ್ಲದರಲ್ಲಿ ಒಂದೇ ಅಲ್ಲ, ಕೆಲವಕ್ಕೆ 6-32, ಕೆಲವಕ್ಕೆ ಎಂ3. ಕೂಲರ್ ಜೊತೆ ಬಂದದ್ದನ್ನೇ ಬಳಸಿ. ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕೈಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಚೌಕಟ್ಟು ಬಾಗಿ ರೆಕ್ಕೆ ಒರೆಯುತ್ತದೆ. ರಬ್ಬರ್ ಇಲ್ಲದ ಪಿ12ಕ್ಕೆ ಒಂದು ಎಂಎಂ ದಪ್ಪದ ಫೋಮ್ ಪಟ್ಟಿ ಮೂಲೆಗಳಿಗೆ ಅಂಟಿಸಿದರೆ ತಗಡಿನ ಗುಂಯ್ ನಿಲ್ಲುತ್ತದೆ.

ವೈರಿಂಗ್‌ನಲ್ಲಿ ಪಿಎಸ್‌ಟಿಯ ಅನುಕೂಲವೇ ಅದರ ತೊಡಕು. ಒಂದು ಫ್ಯಾನಿನ ವೈರಿಗೆ ಇನ್ನೊಂದನ್ನು ಸಿಕ್ಕಿಸಿ ಮದರ್‌ಬೋರ್ಡಿನ ಒಂದೇ ಹೆಡರಿನಿಂದ (ವೈರ್ ಸಿಕ್ಕಿಸುವ ಪಿನ್ನುಗಳ ಸಾಲು) ಓಡಿಸಬಹುದು, ಅಚ್ಚುಕಟ್ಟು. ಆದರೆ ವೇಗದ ಸುದ್ದಿ ಮದರ್‌ಬೋರ್ಡಿಗೆ ಹೋಗುವುದು ಒಂದೇ ಫ್ಯಾನಿನಿಂದ. ಎರಡನೆಯದು ನಿಂತರೂ ಪರದೆ ಮೇಲೆ ಎಲ್ಲ ಸರಿ ಎಂದೇ ಕಾಣುತ್ತದೆ, ಅರ್ಧ ರೇಡಿಯೇಟರ್ ಸುಮ್ಮನೆ ಕೂತಿರುತ್ತದೆ. ಬೋರ್ಡಿನಲ್ಲಿ ಸಿಪಿಯು ಆಪ್ಷನಲ್ ಹೆಡರ್ ಇದ್ದರೆ ಎರಡನ್ನೂ ಬೇರೆ ಬೇರೆ ಸಿಕ್ಕಿಸಿ. ಪಂಪ್ ಅದರದೇ ಹೆಡರಿಗೆ, ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ಪೂರ್ತಿ ವೇಗ, ಅದನ್ನು ಏರಿಳಿಸುವ ಗೋಜಿಗೆ ಹೋಗಬೇಡಿ. ಸಿಪಿಯು ಫ್ಯಾನ್ ಹೆಡರ್ ಖಾಲಿ ಬಿಟ್ಟರೆ ಆನ್ ಮಾಡಿದಾಗ ಹಲವು ಬೋರ್ಡುಗಳು ದೂರು ಹೇಳಿ ನಿಲ್ಲುತ್ತವೆ.

ವೇಗದ ಗೆರೆ, ಅಂದರೆ ಪ್ರೊಸೆಸರಿನ ಯಾವ ತಾಪಕ್ಕೆ ಫ್ಯಾನ್ ಎಷ್ಟು ವೇಗ ಎನ್ನುವುದು, ಹೀಗಿದೆ: 60 ಡಿಗ್ರಿವರೆಗೆ ಶೇಕಡಾ 35, 75ಕ್ಕೆ 55, 85ಕ್ಕೆ 80. ರೈಜನ್ ತಾಪ ಒಂದು ಫೈಲ್ ತೆರೆದರೂ ಜಿಗಿಯುತ್ತದೆ, ನೀರು ಬಿಸಿಯಾಗಲು ಮಾತ್ರ ನಿಮಿಷಗಳೇ ಬೇಕು. ಆದ್ದರಿಂದ ಬಯೋಸ್‌ನಲ್ಲಿ ವೇಗ ಏರುವ ವಿಳಂಬವನ್ನು ಐದು ಸೆಕೆಂಡಿಗೋ ಸಿಗುವಷ್ಟಕ್ಕೋ ಇಡಿ. ಇಲ್ಲದಿದ್ದರೆ ಫ್ಯಾನ್ ದಿನವಿಡೀ ಉಸಿರು ಬಿಟ್ಟು ಎಳೆಯುತ್ತಿರುತ್ತದೆ. ಶೇಕಡಾ 5ಕ್ಕಿಂತ ಕೆಳಗೆ ಪಿ12 ಪೂರ್ತಿ ನಿಲ್ಲುತ್ತದೆ. ಮಳೆಗಾಲದಲ್ಲಿ ಆ ಸೌಲಭ್ಯ ಬೇಡ. ಸದಾ ಸ್ವಲ್ಪ ಬೆಚ್ಚನೆ ಗಾಳಿ ಆಡುತ್ತಿರುವುದೇ ಕೇಸಿನೊಳಗೆ ಬೂಷ್ಟು ಬಾರದಿರಲು ಮದ್ದು.

ನೀರಿನ ಪೈಪಿನ ಮೇಲೆ ಹನಿ ಕಟ್ಟುತ್ತದೆಯೇ ಎಂದು ಹಲವರು ಕೇಳುತ್ತಾರೆ. ಓಡುವಾಗ ಕಟ್ಟುವುದಿಲ್ಲ, ಒಳಗಿನ ನೀರು ಕೋಣೆಗಿಂತ ಬೆಚ್ಚಗೇ ಇರುತ್ತದೆ. ತೊಂದರೆ ಬರುವುದು ವಾರಗಟ್ಟಲೆ ಆಫ್ ಇಟ್ಟಾಗ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಇಲ್ಲದ ದಿನಗಳು ಕಳೆದ ಮೇಲೆ ಫ್ಯಾನ್ ಹೆಡರಿನ ಪಿನ್ನು ನೋಡಿ. ಹಸಿರು ಕಿಲುಬು ಇದ್ದರೆ ಐಸೋಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಬ್ರಶ್ಶಿನಲ್ಲಿ ಉಜ್ಜಿ, ಒಣಗಿಸಿ, ನಾಲ್ಕೈದು ಸಲ ಸಿಕ್ಕಿಸಿ ತೆಗೆಯಿರಿ. ವೇಗ ಒಮ್ಮೆ 900, ಒಮ್ಮೆ ಸೊನ್ನೆ ಎಂದು ತೋರಿಸುವ ಎಷ್ಟೋ ‘ಸತ್ತ’ ಫ್ಯಾನ್‌ಗಳ ರೋಗ ಇಷ್ಟೇ. ಕೇಸ್ ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರದಲ್ಲಿರಲಿ. ಹೆಂಚಿನ ಮನೆಯಲ್ಲಿ ಆಫ್ ಮಾಡಿದ ಮೇಲೆ ಮೇಲ್ಭಾಗಕ್ಕೆ ಬಟ್ಟೆ ಹೊದೆಸುವುದೂ ಒಳ್ಳೆಯದೇ, ಆನ್ ಮಾಡುವ ಮೊದಲು ತೆಗೆಯುವ ನೆನಪು ಇದ್ದರೆ.

ಶುಚಿ ಮಾಡಲು ವರ್ಷಕ್ಕೆ ಮೂರು ಸಲ ಸಾಕು. ಮೇ ಕೊನೆಗೆ ಒಮ್ಮೆ, ಕಾಫಿ ಒಣಗಿ ಚೀಲ ಕಟ್ಟಿದ ಮೇಲೆ ಒಮ್ಮೆ, ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಹೊತ್ತಿಗೆ ಒಮ್ಮೆ. ಕೋವಿ ಒರೆಸಿ ಎಣ್ಣೆ ಹಾಕುವ ಕೈಯಲ್ಲೇ ಫ್ಯಾನಿಗೂ ಎಣ್ಣೆ ಬಿಡಬೇಡಿ, ಅದರ ಬೇರಿಂಗ್ ಮುಚ್ಚಿದ್ದು. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ತಡೆದಿರಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರವೂ ಒಯ್ಯಬೇಡಿ. ಮಳೆಗಾಲದಲ್ಲಿ ಅದರ ಟ್ಯಾಂಕಿನಲ್ಲಿ ನಿಂತ ನೀರು ಗಾಳಿಯ ಜೊತೆಗೇ ಚಿಮ್ಮುತ್ತದೆ.

ಕುಶಾಲನಗರದವರಿಗೆ ಥಂಡಿಯ ಕಾಟ ಇಷ್ಟಿಲ್ಲ, ಬೇಸಿಗೆ ಜೋರು. ಅಲ್ಲಿ ಇದೇ ಫ್ಯಾನ್, ಗೆರೆಯನ್ನು ಶೇಕಡಾ 10ರಷ್ಟು ಮೇಲೆ ಎಳೆದರೆ ಸಾಕು. ಕೇಸಿನ ಫ್ಯಾನ್‌ಗಳನ್ನೂ ಬದಲಿಸುವುದಿದ್ದರೆ ಐದರ ಪ್ಯಾಕ್ ತರಿಸುವುದು ಲಾಭ. ಬಿಚ್ಚಿದ ಮೇಲೆ ಉಳಿದ 30 ಎಂಎಂ ಸ್ಕ್ರೂಗಳನ್ನು ಒಂದು ಕವರಿಗೆ ಹಾಕಿ ಕೇಸಿನೊಳಗೇ ಟೇಪ್ ಹಚ್ಚಿ ಅಂಟಿಸಿಡಿ. ಬೇಕಾದಾಗ ಪೇಟೆಯೆಲ್ಲ ಸುತ್ತಿದರೂ ಆ ಅಳತೆ ಸಿಗುವುದು ಕಷ್ಟ.